ಕ್ವಾರಿ ಎಂಬ ಕ್ರಿಯಾಪದವೂ ಅಪ್ಪನ ಒದ್ದೆ ಬಟ್ಟೆಯೂ

ನೆಲ ಒರೆಸಿದ ಮೇಲೆ ಅದು ಒಣಗುವತನಕ ಅಲ್ಲೇ ನಿಂತು ನೋಡುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತುಬಿಡುತ್ತೇನೆ. ನಮ್ಮದು ಶಹಾಬಾದ ಪರ್ಸಿಯ, ಅಂದರೆ ಹಾಸುಗಲ್ಲಿನ, ನೆಲ. ನೀರು ಬಿದ್ದರೆ ಕಪ್ಪಗಾಗುತ್ತದೆ, ಆಮೇಲೆ ಅಂಚಿನಿಂದ ತಿಳಿಯಾಗುತ್ತ ಬಂದು ನಡುವಿನದು ಕೊನೆಗೆ ಒಣಗುತ್ತದೆ. ಬೇಸಗೆಯಲ್ಲಿ ಇದಕ್ಕೆ ಐದು ನಿಮಿಷ, ಮಳೆಗಾಲದಲ್ಲಿ ಅರ್ಧ ತಾಸು. ಮಳೆಗಾಲದಲ್ಲಿ ನಮ್ಮ ಮನೆಯ ಚಹಾ ತಡವಾಗುವುದು ಇದೇ ಕಾರಣಕ್ಕೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹೀಗೆ ನಿಂತದ್ದನ್ನು ಕಂಡ ಅತ್ತೆ, ಹುಡುಗಿಗೆ ತವರಿನ ನೆನಪಾಗಿದೆ ಎಂದು ಕನಿಕರಪಟ್ಟು ಒಂದು ವಾರ ಕೆಲಸವನ್ನೇ ಹೇಳಲಿಲ್ಲ. ಆಮೇಲೆ ನಿಜ ತಿಳಿಯಿತು. ಕನಿಕರವೂ ಹೋಯಿತು.

ಮೊನ್ನೆ ಹೀಗೆ ನಿಂತಿದ್ದಾಗ ಮೊಮ್ಮಗಳು ನೋಟ್‌ಬುಕ್ಕು ಹಿಡಿದುಕೊಂಡು ಬಂದಳು. ಶಾಲೆಯಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಪಟ್ಟಿ ಕೊಟ್ಟು, ಒಂದೊಂದಕ್ಕೂ ಕನ್ನಡದ ಒಂದೇ ಪದದಲ್ಲಿ ಅರ್ಥ ಬರೆದು ತರಲು ಹೇಳಿದ್ದರಂತೆ. ತಿನ್ನುವುದು, ಕುಡಿಯುವುದು, ಓಡುವುದನ್ನೆಲ್ಲ ಮುಗಿಸಿ ಒಂದರಲ್ಲಿ ಸಿಕ್ಕಿಬಿದ್ದಿದ್ದಳು.

"ಅಜ್ಜೀ, ಕ್ವಾರಿ ಅಂದ್ರ ಕಲ್ಲಿನ ಖಣಿ ಹೌದಲ್ಲ? ಅದು ಜಾಗ. ಇಲ್ಲಿ ನೋಡಿದ್ರ ಕ್ರಿಯಾಪದ ಅಂತ ಕೊಟ್ಟಾರ. ಜಾಗ ಹ್ಯಾಂಗ ಕೆಲಸ ಆಗ್ತದ?"

"ನಮ್ಮಪ್ಪಗ ಆಗಿತ್ತವ್ವ," ಅಂದೆ.

ಅವಳಿಗೆ ನಮ್ಮಪ್ಪ ಬೇಕಿರಲಿಲ್ಲ, ಒಂದು ಪದ ಬೇಕಿತ್ತು. ನಾನು ಒಂದೊಂದೇ ಪದ ತೆಗೆದು ನೋಡಿದೆ. ಅಗೆಯುವುದು ಮಣ್ಣನ್ನು. ಕಡಿಯುವುದು ಮರವನ್ನು. ಕೀಳುವುದು ಕಳೆಯನ್ನು, ಇಲ್ಲವೇ ನನ್ನ ವಯಸ್ಸಿನವರ ಹಲ್ಲನ್ನು. ಇನ್ನೊಂದು ಪದ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅದು ಒಡೆಯುವುದು. ಅರವತ್ತು ವರ್ಷದ ಹಿಂದೆ ಬಿಟ್ಟು ಬಂದ ಖಣಿಯ ಕಟ್ಟಳೆ ಇವತ್ತಿಗೂ ನನ್ನ ಬಾಯಿಗೆ ಬೀಗ ಹಾಕಿದ್ದನ್ನು ಕಂಡು ನನಗೇ ಬೆರಗಾಯಿತು.

ಕಟ್ಟಳೆಯನ್ನು ನಿಮಗೆ ಹೇಳಬೇಕು. ಶಹಾಬಾದಿನಲ್ಲಿ ನಮ್ಮಪ್ಪ ಕೆಲಸ ಮಾಡುತ್ತಿದ್ದ ಖಣಿಯಲ್ಲಿ ಬೆಳಿಗ್ಗೆ ಕೆಳಗೆ ಇಳಿದವರು ಸಂಜೆ ಮೇಲೆ ಬರುವತನಕ ಆ ಪದ ಆಡುತ್ತಿರಲಿಲ್ಲ, ಆಡಿದರೆ ಕಲ್ಲು ಕೆಡುತ್ತದೆ ಎಂಬ ನಂಬಿಕೆ. ಕಲ್ಲನ್ನು ಅವರು ಬಿಡಿಸುತ್ತಿದ್ದರು. ಹಾರೆ ಕೊಟ್ಟು ಮೀಟಿದಾಗ ಕಲ್ಲಿನ ಹಾಸು ಮೇಲೆದ್ದರೆ ಕಲ್ಲು ಬಿಟ್ಟಿತು ಎನ್ನುತ್ತಿದ್ದರು. ಕೆಟ್ಟು ಎರಡು ತುಂಡಾದರೂ ಬಿಟ್ಟಿತು ಎಂದೇ ಹೇಳಬೇಕು, ಆದರೆ ಸಣ್ಣ ದನಿಯಲ್ಲಿ. ಈ ಚಾಳಿ ಮನೆಗೂ ಬಂದಿತ್ತು. ನಮ್ಮವ್ವ ಒಮ್ಮೆ ಸಂತೆಯಲ್ಲಿ ಕುಂಬಾರನ ಮುಂದೆ ನಿಂತು, "ಹೋದ ವಾರ ಒಯ್ದ ಗಡಿಗಿ ಬಿಟ್ಟದಪ್ಪ," ಅಂದಳು. ಅವನು, "ಎಲ್ಲಿ ಬಿಟ್ಟು ಬಂದೀರಿ, ಹೋಗಿ ತಗೊಂಡ ಬರ್ರಿ," ಅಂದ. ಅವ್ವ ಹಟಮಾರಿ. ಆ ಪದ ಹೇಳದೆ ಕೈಸನ್ನೆಯಲ್ಲೇ ವ್ಯಾಪಾರ ಮುಗಿಸಿದಳು.

ಅಪ್ಪ ಹುಟ್ಟಾ ಖಣಿಯವನಲ್ಲ. ನಾವು ಹೊಳೆದಂಡೆಯ ಜನ. ಸೇಡಂ ಹತ್ತಿರ ಕಾಗಿಣಾ ಹೊಳೆಯಲ್ಲಿ ಅಪ್ಪ ಹರಗೋಲು ಹಾಕುತ್ತಿದ್ದ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವುದು ಅವನ ಕೆಲಸ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಆ ಹರಗೋಲನ್ನು ನೀರಿಗೆ ಇಳಿಸುವ ಮುಂಚೆ ಅಪ್ಪ ಅದರ ತೊಗಲಿಗೆ ನೀರು ಬಳಿದು ಬಿಸಿಲಿಗೆ ಬೋರಲು ಹಾಕುತ್ತಿದ್ದ. ಎಲ್ಲ ಕಡೆ ಒಣಗಿದ ಮೇಲೂ ಒಂದು ಕಡೆ ತೇವ ಉಳಿದರೆ ಅಲ್ಲಿ ಹೊಲಿಗೆ ಸಡಿಲಾಗಿದೆ ಎಂದು ಅರ್ಥ. ದಡದಲ್ಲಿ ಮಂದಿ ಕೂಗಾಡುತ್ತಿದ್ದರೂ ಅವನು ಕೂತು ನೋಡುವುದನ್ನು ಬಿಡುತ್ತಿರಲಿಲ್ಲ. ಅವರ ಕೂಗು ಅವನಿಗೆ ಪೂರ್ತಿ ಕೇಳಿಸುತ್ತಲೂ ಇರಲಿಲ್ಲ. ಹುಡುಗತನದಲ್ಲಿ ಬಂದ ಯಾವುದೋ ಜ್ವರ ಅವನ ಎರಡೂ ಕಿವಿಯನ್ನು ಮುಕ್ಕಾಲು ಪಾಲು ಮುಚ್ಚಿಬಿಟ್ಟಿತ್ತು.

ಒಂದು ವರ್ಷ ಹರಗೋಲಿನ ಬಿದಿರು ಮುರಿಯಿತು, ತೊಗಲು ಹರಿಯಿತು. ಆ ಬೇಸಗೆಗೆಂದು ಶಹಾಬಾದಿಗೆ ಬಂದ ಅಪ್ಪ ಅಲ್ಲಿಯೇ ಉಳಿದ. ಆಗ ನನಗೆ ಏಳು ವರ್ಷ. ನಿಜಾಮರ ರಾಜ್ಯ, ಅವರದೇ ನಾಣ್ಯ, ಅವರದೇ ಉರ್ದು. ನಮ್ಮ ಊಟ ಮಾತ್ರ ನಮ್ಮದೇ ಜೋಳದ ರೊಟ್ಟಿ.

ಮೊದಲ ಸಲ ಬುತ್ತಿ ತೆಗೆದುಕೊಂಡು ಖಣಿಯ ಅಂಚಿಗೆ ಹೋಗಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಕಲ್ಲೆಂದರೆ ಗುಡ್ಡದಲ್ಲಿ ಗುಂಡಾಗಿ ಕೂತಿರುವುದು ಎಂದು ತಿಳಿದಿದ್ದವಳು ನಾನು. ಇಲ್ಲಿ ನೆಲವನ್ನೇ ಎರಡಾಳು ಆಳ ತೆಗೆದಿದ್ದರು. ಒಳಗಿನ ಗೋಡೆಯಲ್ಲಿ ಕಲ್ಲು ರೊಟ್ಟಿ ಪೇರಿಸಿದ ಹಾಗೆ ಪದರು ಪದರಾಗಿತ್ತು. ಬೂದು ಪದರು, ಹಸಿರು ಛಾಯೆಯದು, ಎಲ್ಲಕ್ಕೂ ಕೆಳಗೆ ಕರೀ ಪದರು. ಯಾರು ಇಷ್ಟು ಸಮನಾಗಿ ಹಾಸಿದರು ಎಂದು ಅಪ್ಪನನ್ನು ಕೇಳಿದೆ. "ನೀರು ಹಾಸ್ಯಾದವ್ವ. ಯಾವಾಗೋ ಇಲ್ಲಿ ಹೊಳಿ ಇದ್ದಿರಬೇಕು," ಅಂದ. ಎಲ್ಲದರಲ್ಲೂ ಹೊಳೆಯನ್ನೇ ಕಾಣುತ್ತಾನೆ ಎಂದು ಅವ್ವ ನಕ್ಕಳು. ಕಿವುಡ ಅಂಬಿಗ ಹೇಳಿದ್ದು ಬಹುಮಟ್ಟಿಗೆ ಸರಿ, ಆ ಕಲ್ಲು ಹುಟ್ಟಿದ್ದು ನೀರಿನ ತಳದಲ್ಲೇ ಎಂದು ನಾನು ಓದಿ ತಿಳಿಯುವ ಹೊತ್ತಿಗೆ ಇಬ್ಬರೂ ಇರಲಿಲ್ಲ.

ಇಂಗ್ಲಿಷಿನ ಆ ಕ್ರಿಯಾಪದ ನಮ್ಮ ಮನೆಗೆ ಬಂದದ್ದು ಓವರ್ಸೀರ್ ಸಾಹೇಬರ ಬಾಯಿಂದ. ಅವರು ಸೈಕಲ್ ಮೇಲೆ ಬಂದು, ಖಣಿಯ ಅಂಚಿನಲ್ಲಿ ಒಂದು ಕಾಲು ಊರಿ, "ಆಜ್ ಕಿತ್ನಾ ಕ್ವಾರಿ ಕಿಯಾ?" ಎಂದು ಕೇಳುತ್ತಿದ್ದರು. ಕೆಳಗಿನಿಂದ ಮೇಸ್ತ್ರಿ, "ಬಾರಾ ಪರ್ಸಿ ಕ್ವಾರಿ ಕಿಯಾ ಸಾಬ್," ಅನ್ನುತ್ತಿದ್ದ. ಅದೇ ಮಾತು ಸಂಜೆ ನಮ್ಮ ಒಲೆಯ ಮುಂದೆ, "ಇವತ್ತು ಭಾಳ ಕ್ವಾರಿ ಮಾಡೀವಿ," ಎಂದಾಗುತ್ತಿತ್ತು. ಇಂಗ್ಲಿಷಿನ ಕ್ರಿಯಾಪದಗಳು ನಮ್ಮ ಸೀಮೆಯಲ್ಲಿ ಒಂಟಿಯಾಗಿ ತಿರುಗಾಡುವುದಿಲ್ಲ. ಉರ್ದುವಿನ ಮನೆಗೆ ಹೋದರೆ ಕರ್‌ನಾ, ಕನ್ನಡದ ಮನೆಗೆ ಬಂದರೆ ಮಾಡು, ಹೀಗೆ ಯಾರಾದರೊಬ್ಬರು ಕೈ ಹಿಡಿದು ಕರೆತರಬೇಕು. ಅಪ್ಪ ಮಾತ್ರ ಆ ಪದ ಬಳಸಲಿಲ್ಲ. ಎಲ್ಲಿಗೆ ಹೊರಟೆ ಎಂದರೆ "ಚೌಕ ತೆಗೀಲಿಕ್ಕ" ಅನ್ನುತ್ತಿದ್ದ. ನೆಲದಿಂದ ನಾಲ್ಕು ಮೂಲೆಯ ಒಂದು ಕಲ್ಲನ್ನು ತೆಗೆಯುವುದೇ ಅವನ ಪಾಲಿಗೆ ಆ ಕೆಲಸದ ಹೆಸರು.

ಹಾಗೆ ಹೇಳಿದರೂ ಚೌಕ ತೆಗೆಯುವುದು ಅವನ ಕೈಗೆ ಬಂದಿರಲಿಲ್ಲ. ಮೂರು ವರ್ಷವಾದರೂ ಅವನು ಬುಟ್ಟಿಯಲ್ಲಿ ಕಲ್ಲಿನ ಚಕ್ಕೆ ಹೊರುವವನೇ. ಉಳಿ ಯಾರಿಗೆ ಕೊಡಬೇಕೆಂದು ಹೇಳುವವನು ಮೇಸ್ತ್ರಿ ಹುಸೇನಪ್ಪ. ಒಳ್ಳೆಯ ಮನುಷ್ಯ, ಹಣೆಯ ತುಂಬ ವಿಭೂತಿ ಹಚ್ಚುತ್ತಿದ್ದ, ನನಗೆ ಬೆಲ್ಲ ಕೊಡುತ್ತಿದ್ದ. ಆದರೆ ಅವನ ವಿದ್ಯೆಯೆಲ್ಲ ಕಿವಿಯಲ್ಲಿತ್ತು. ಸಣ್ಣ ಸುತ್ತಿಗೆಯಿಂದ ಹಾಸಿನ ಮೇಲೆ ಬಡಿಯುತ್ತ ಹೋಗಿ, ದನಿ ಕೇಳಿ, ಇಲ್ಲಿ ಗಟ್ಟಿ, ಇಲ್ಲಿ ಟೊಳ್ಳು ಎಂದು ಹೇಳುವವನು. "ಮಲ್ಲಪ್ಪ, ನೀ ಭಾಳ ಛಲೋ ಮನಶ್ಯಾ. ಖರೇ, ಕಲ್ಲಿನ ದನಿ ಕೇಳದವನ ಕೈಯಾಗ ನಾ ಉಳಿ ಹ್ಯಾಂಗ ಕೊಡ್ಲಿ?" ಎನ್ನುತ್ತಿದ್ದ. ಅಪ್ಪ ಅದನ್ನು ತುಟಿ ನೋಡಿ ಅರ್ಥ ಮಾಡಿಕೊಂಡು, ತಲೆಯಾಡಿಸಿ, ಬುಟ್ಟಿ ಎತ್ತುತ್ತಿದ್ದ. ಮನೆಗೆ ಬಂದ ಮೇಲೆ ಬಹಳ ಹೊತ್ತು ತನ್ನ ಬರಿಗೈಯನ್ನು ನೋಡಿಕೊಳ್ಳುತ್ತಿದ್ದ. ಹೊಳೆಯಲ್ಲಿ ಹರಗೋಲು ನೂಕುವ ಜಲ್ಲೆ ಹಿಡಿದಿದ್ದ ಕೈ ಅದು.

ನನಗೆ ಹತ್ತು ತುಂಬಿದ ವರ್ಷ ಚಿತ್ತಾಪುರದಿಂದ ಚನ್ನಬಸಯ್ಯ ಮಾಸ್ತರು ಖಣಿಗೆ ಬಂದರು. ಆಗ ಸರಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರು ಒಂದು ಮಠದ ಪಡಸಾಲೆಯಲ್ಲಿ ಕನ್ನಡವನ್ನೂ ಅದರ ಜೊತೆಗೆ ಒಂದಿಷ್ಟು ಇಂಗ್ಲಿಷನ್ನೂ ಹೇಳಿಕೊಡುತ್ತಿದ್ದರು. ಅವರ ಕಟ್ಟಿಗೆಯ ಬೋರ್ಡನ್ನು ಎರಡು ಸಲ ಗೆದ್ದಲು ತಿಂದಿತ್ತಂತೆ. "ಕನ್ನಡದ ಅಕ್ಷರ ಭಾಳ ರುಚಿ ಇರಬೇಕ್ರಿ ಅದಕ್ಕ. ಈ ಸಲ ಕಲ್ಲಿನಾಗ ಮಾಡಿ ಗ್ವಾಡಿಗಿ ಕೂಡಸ್ತೀನಿ. ಆರಡಿ ಅಗಲ, ನಾಕಡಿ ಎತ್ತರ, ಕರೀ ಪದರಿನ ಒಂದೇ ಕಲ್ಲು ಬೇಕು. ಒಂದು ಕೂದಲೆಳಿ ಬಿರುಕೂ ಇರಬಾರ್ದು," ಎಂದರು.

ಕರೀ ಪದರಿನಲ್ಲಿ ಅಷ್ಟು ದೊಡ್ಡದು ಸಿಗುವುದು ಅಪರೂಪ. ಹದಿನೈದು ದಿನ ಮೇಲಿನ ಪದರು ತೆಗೆದ ಮೇಲೆ ಅಂಥದೊಂದು ಹಾಸು ಕಾಣಿಸಿತು. ಅವತ್ತು ಬುತ್ತಿ ತಂದ ನಾನು ಮನೆಗೆ ಹೋಗದೆ ಅಲ್ಲೇ ಕೂತೆ. ಹುಸೇನಪ್ಪ ಕಾಕಾ ಈ ತುದಿಯಿಂದ ಆ ತುದಿಗೆ ಬಡಿಯುತ್ತ ಹೋದ. ಕಲ್ಲು ದೇವಸ್ಥಾನದ ಗಂಟೆಯ ಹಾಗೆ ಟಣ್ ಎಂದಿತು, ಎಲ್ಲರ ಮುಖ ಅರಳಿತು. ಕಾಕಾ ಕೆಮ್ಮಣ್ಣಿನ ದಾರ ಹಿಡಿದು ನಾಲ್ಕು ಗೆರೆ ಹೊಡೆದ. ಇನ್ನು ಉಳಿ ಇಡುವುದೊಂದೇ ಬಾಕಿ.

ಊಟದ ಹೊತ್ತು. ಎಲ್ಲರೂ ನೆರಳಿಗೆ ಹೋದರು. ಅಪ್ಪ ಮಾತ್ರ ತಲೆಯ ರುಮಾಲು ಬಿಚ್ಚಿ, ಖಣಿಯ ಮೂಲೆಯಲ್ಲಿ ನಿಂತಿದ್ದ ನೀರಿನಲ್ಲಿ ಅದ್ದಿ, ಆ ಹಾಸನ್ನು ಅಡಿಯಿಂದ ಮುಡಿಯವರೆಗೆ ಒರೆಸಿದ. ಆಮೇಲೆ ರೊಟ್ಟಿ ಕೈಯಲ್ಲಿ ಹಿಡಿದು ಅದರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಬಿಸಿಲು ಚುರುಚುರು ಅನ್ನುತ್ತಿತ್ತು. ಕಲ್ಲು ಅಂಚಿನಿಂದ ಒಣಗುತ್ತ ಬಂತು. ಎಲ್ಲ ಒಣಗಿದ ಮೇಲೆ, ಕಾಕಾ ಹೊಡೆದ ಗೆರೆಯ ಒಳಗೆ, ನಾಲ್ಕು ಬೆರಳಿನಷ್ಟು ದೂರದಲ್ಲಿ, ಉದ್ದಕ್ಕೆ ಒಂದು ಕಪ್ಪು ಎಳೆ ಉಳಿಯಿತು. ನಾನೂ ಕಂಡೆ. ಕಣ್ಣು ಮಿಟುಕಿಸಿದರೆ ಕಾಣದಷ್ಟು ತೆಳ್ಳಗೆ ಇತ್ತು.

ಅಪ್ಪ ಎದ್ದು ಹೋಗಿ ಮೇಸ್ತ್ರಿಯನ್ನು ಕರೆತಂದ. ಕಿವುಡರು ಮೆಲ್ಲಗೆ ಮಾತಾಡಲಾರರು. ಅವನ ಮಾತು ಇಡೀ ಖಣಿಗೆ ಕೇಳಿಸಿತು.

"ಮೇಸ್ತ್ರಿ, ಇಲ್ಲಿ ನೀರು ಇನ್ನಾ ಕುಂತದ ನೋಡ್ರಿ. ಗೆರಿ ಒಂದು ಗೇಣು ಈ ಕಡಿ ಸರಸ್ರಿ."

"ಕಲ್ಲು ಹಾಡ್ಲಿಕತ್ತದ ಮಲ್ಲಪ್ಪ. ಎಲ್ಲಾರೂ ಕೇಳ್ಯಾರ. ನಿನಗ ಕೇಳ್ಸಂಗಿಲ್ಲ."

"ಕೇಳ್ಸಂಗಿಲ್ರಿ," ಅಂದ ಅಪ್ಪ. "ಕಾಣಸ್ತದ್ರಿ."

ಯಾರೋ ನಕ್ಕರು. ಕಾಕಾ ನಗಲಿಲ್ಲ. ಬಗ್ಗಿ ಮತ್ತೆ ಬಡಿದ, ಮತ್ತೆ ಟಣ್ ಎಂದಿತು. ಬಿಸಿಲಿಗೆ ಆ ಕಪ್ಪು ಎಳೆಯೂ ಆರಿಹೋಗಿತ್ತು, ತೋರಿಸಲು ಅಪ್ಪನ ಬಳಿ ಏನೂ ಉಳಿದಿರಲಿಲ್ಲ, ಮತ್ತೆ ಒರೆಸಿ ಕಾಯುವಷ್ಟು ಪುರುಸೊತ್ತು ಉಳಿದವರಿಗೆ ಇರಲಿಲ್ಲ. ಗೆರೆ ಸರಿಸಿದರೆ ಎದುರಿನ ಗೆರೆಯೂ ಸರಿದು ಆ ಕಡೆ ಕಲ್ಲಿನ ಅಂಚಿಗೆ ಬಹಳ ಹತ್ತಿರವಾಗುತ್ತಿತ್ತು, ಮೂಲೆ ಹಾರಿಹೋಗುವ ಭಯ. ಕಾಕಾ ಗಡ್ಡ ಕೆರೆದುಕೊಂಡು, ಅಪ್ಪನ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ಬಿಡಿಸಿ ಹೇಳಿದ. "ನೀ ಹೇಳಿದಂಗ ಮಾಡ್ತೀನಿ. ಕಲ್ಲು ಕೆಟ್ರ, ನಾಳಿಂದ ನಿನಗ ಇಲ್ಲಿ ಬುಟ್ಟಿನೂ ಇಲ್ಲ. ಆಗಬಹುದೇನು?"

"ಆಗಬಹುದ್ರಿ."

ತಿರುಗಿ ಹೋಗಲು ಹೊಳೆಯಲ್ಲಿ ಹರಗೋಲೂ ಇರಲಿಲ್ಲ. ಅಪ್ಪನಿಗೆ ಅದು ಮರೆತುಹೋಗಿದೆಯೇನೋ ಎಂದು ನನಗೆ ಗಾಬರಿಯಾಯಿತು.

ಗೆರೆ ಸರಿಸಿದರು. ಉಳಿ ಇಟ್ಟು ನಾಲ್ಕೂ ಕಡೆ ಸಣ್ಣ ಕಾಲುವೆಯಂತೆ ಗಾಡಿ ತೋಡಿದರು. ಸಂಜೆ ಹೊತ್ತಿಗೆ ಬೆಣೆ ಬಡಿದು, ಹತ್ತು ಜನ ಹಾರೆ ಕೊಟ್ಟರು. ನೆಲದೊಳಗಿಂದ ಒಂದು ನಿಟ್ಟುಸಿರು ಬಂದಂತಾಯಿತು, ಹಾಸು ಬೆರಳಿನಷ್ಟು ಮೇಲೆದ್ದಿತು. ಆರಡಿ, ನಾಕಡಿ, ನಾಲ್ಕೂ ಮೂಲೆ ಇದ್ದ ಹಾಗೇ ಇದ್ದವು. ಅದು ಎದ್ದ ಅದುರಿಗೆ ಹೊರಗೆ ಉಳಿದ ಕಲ್ಲು ಯಾರೂ ಮುಟ್ಟದೆ ತಾನಾಗಿಯೇ ಉದ್ದಕ್ಕೆ ಸೀಳಿಕೊಂಡು ಎರಡಾಯಿತು. ಅಪ್ಪ ತೋರಿಸಿದ ಜಾಗದಲ್ಲೇ ಆಯಿತು. ಕಾಕಾ ಆ ಸೀಳಿನೊಳಗೆ ಬೆರಳು ಹಾಕಿ ಏನನ್ನೋ ಎಳೆದು ತೆಗೆದ. ಕೂದಲಿನಂಥ ಒಂದು ಬೇರು. ಎರಡಾಳು ಮೇಲಿನ ಯಾವುದೋ ಗಿಡ ನೀರು ಹುಡುಕಿಕೊಂಡು ಅಷ್ಟು ಪದರು ದಾಟಿ ಅಲ್ಲಿಗೆ ಬಂದಿತ್ತು. ಸುತ್ತಿಗೆಗೆ ಕೇಳಿಸದ ಆ ದಾರಿ ಗಿಡದ ಬೇರಿಗೂ ನಮ್ಮಪ್ಪನಿಗೂ ಗೊತ್ತಿತ್ತು.

ಎಲ್ಲರೂ, ಇವನಿಗೆ ಉಳಿ ಕೊಡ್ರಿ ಎಂದರು. ಕಾಕಾ ಬೇರನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ, "ಒಂದು ಬ್ಯಾಸಗಿ, ಒಂದು ಮಳಿಗಾಲ ಹೋಗ್ಲಿ. ಒಳಗ ಇನ್ನೊಂದು ಬಿರುಕು ಇತ್ತಂದ್ರ ಬಿಸಲಿಗಿ, ಮಳಿಗಿ ಹೊರಗ ಬರ್ತದ. ವರ್ಷಾದ ಮ್ಯಾಗ ನಾನೇ ಹೋಗಿ ನೋಡ್ತೀನಿ. ಕಲ್ಲು ಹ್ಯಾಂಗಿತ್ತು ಹಾಂಗೇ ಇದ್ರ, ಉಳಿ ಇವಂದು," ಅಂದ. ಅಪ್ಪ ಬುಟ್ಟಿ ಎತ್ತಿಕೊಂಡು ಚಕ್ಕೆ ಹೊರಲು ಹೋದ.

ಕಲ್ಲು ಹುಲ್ಲಿನ ಹಾಸಿಗೆಯಲ್ಲಿ ಮಲಗಿ ರೈಲು ಹತ್ತಿತು. ಚಿತ್ತಾಪುರಕ್ಕೆ ವಾಡಿ ಜಂಕ್ಷನ್ನಿನ ಮೇಲೆ ಹೋಗಬೇಕು. ಶಹಾಬಾದಿನಿಂದ ವಾಡಿಗೆ ಒಂದು ಕಂಪನಿಯ ಹಳಿ, ಅಲ್ಲಿಂದ ಮುಂದೆ ನಿಜಾಮರ ಹಳಿ. ಡಬ್ಬಿಗಳನ್ನು ಆ ಕಡೆಯಿಂದ ಈ ಕಡೆಗೆ ಢೀ ಕೊಟ್ಟು ತಳ್ಳುತ್ತಾರೆ ಎಂದು ಯಾರೋ ಹೇಳಿದ್ದು ಅವ್ವನಿಗೆ ಕೇಳಿಸಿ, ಆ ಕಲ್ಲು ಚಿತ್ತಾಪುರ ಮುಟ್ಟುವತನಕ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಕಲ್ಲಿನ ಹಿಂದೆಯೇ ನಾನೂ ಹೋದೆ. ಹುಡುಗಿಯನ್ನು ಕಳಿಸಿ, ನಾಲ್ಕಕ್ಷರ ಕಲಿಯಲಿ ಎಂದು ಮಾಸ್ತರು ಹೇಳಿದ್ದರು. ನಮ್ಮ ದೊಡ್ಡವ್ವನ ಮನೆ ಚಿತ್ತಾಪುರದಲ್ಲೇ ಇತ್ತು. ಹೀಗೆ ನಾನು ಆ ಕಲ್ಲಿನ ಎದುರು ಒಂದು ವರ್ಷ ಕೂತೆ. ಮಕ್ಕಳೆಲ್ಲ ನನ್ನನ್ನು ಬೋರ್ಡಿನ ಗಂಗಿ ಎಂದು ಕರೆದರು. ನನಗೆ ಅದು ದೊಡ್ಡ ಬಿರುದಾಗಿತ್ತು. ನನ್ನ ಇಂಗ್ಲಿಷ್ ಇವತ್ತಿಗೂ ಕಚ್ಚಾ ಇರಲು ಕಾರಣ ಆ ಕಲ್ಲೇ. ಉಳಿದವರು ಬೋರ್ಡಿನ ಮೇಲಿನ ಅಕ್ಷರ ನೋಡುತ್ತಿದ್ದರು, ನಾನು ಅಕ್ಷರದ ಹಿಂದಿನ ಕಲ್ಲು ನೋಡುತ್ತಿದ್ದೆ. ಮಾಸ್ತರು, "ಗಂಗವ್ವ, ಏನು ಬರ್ದೀನಿ ಹೇಳು," ಎಂದರೆ, "ಬಿರುಕಿಲ್ರಿ ಮಾಸ್ತರ," ಎಂದುಬಿಡುತ್ತಿದ್ದೆ.

ಬೇಸಗೆ ಕಳೆಯಿತು. ಆಷಾಢದ ಮಳೆ ಹಿಡಿದ ಒಂದು ದಿನ ಮಾಸ್ತರು ಬೋರ್ಡು ಒರೆಸಿ ಒಳಗೆ ಹೋದಾಗ ನಾನು ಕಂಡೆ. ಕಲ್ಲಿನ ಮೇಲುಭಾಗದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಇತ್ತು. ಹಿಂದಿನ ದಿನ ಇರಲಿಲ್ಲ. ಯಾರಿಗೂ ಹೇಳಲಿಲ್ಲ. ಗೆರೆ ಬೆಳೆದಿದೆಯೇ ಎಂದು ದಿನಾ ಕಣ್ಣಿನಲ್ಲೇ ಅಳೆಯುವುದು ನನ್ನ ಕೆಲಸವಾಯಿತು. ಹಬ್ಬಕ್ಕೆ ಶಹಾಬಾದಿಗೆ ಹೋದಾಗ ಅಪ್ಪ ಬುಟ್ಟಿ ಕೆಳಗಿಟ್ಟು ಮೊದಲು ಕೇಳಿದ್ದೇ, "ಹ್ಯಾಂಗದಾ ಕಲ್ಲು?" ಎಂದು. "ಛಲೋ ಅದಾ ಅಪ್ಪ," ಅಂದೆ. ಅವನು ತುಟಿ ನೋಡಿ ಮಾತು ತಿಳಿಯುವವನು. ನಾನು ತುಟಿಯನ್ನಷ್ಟೇ ಅವನ ಕಡೆ ಇಟ್ಟು ಕಣ್ಣು ಬೇರೆ ಕಡೆ ಇಟ್ಟೆ. ಅಪ್ಪನಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಮಳೆಗಾಲ ಮುಗಿಯಿತು. ಹುಸೇನಪ್ಪ ಕಾಕಾ ಮಾತಿಗೆ ತಪ್ಪುವವನಲ್ಲ. ಒಂದು ಬೆಳಿಗ್ಗೆ ಅವನೂ ಅಪ್ಪನೂ ಚಿತ್ತಾಪುರಕ್ಕೆ ಬಂದು ಪಡಸಾಲೆಯ ಹೊರಗೆ ಚಪ್ಪಲಿ ಬಿಟ್ಟರು. ಕಾಕಾನ ಹೆಗಲಿನಲ್ಲಿ ಒಂದು ಚೀಲವಿತ್ತು.

"ಬರ್ರಿ, ಬರ್ರಿ, ಕುಂದ್ರಿ," ಎಂದು ಮಾಸ್ತರು ಸಂಭ್ರಮಪಟ್ಟರು. ಬಂದವರಿಗೆ ಮರ್ಯಾದೆ ಮಾಡಬೇಕಲ್ಲ. ಅವರ ಮರ್ಯಾದೆಯೆಲ್ಲ ಅಕ್ಷರದಲ್ಲಿ. ಬೋರ್ಡಿನ ಮೇಲೆ ದೊಡ್ಡದಾಗಿ ಕ್ವಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರು. ಆಮೇಲೆ ವಾಡಿಯ ಒಬ್ಬ ರೈಲ್ವೆ ಗಾರ್ಡಿನಿಂದ ಕೇಳಿ ತಂದಿದ್ದ, ರಟ್ಟು ಹರಿದ ದಪ್ಪ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡರು. ಅದೇ ಕಾಗುಣಿತದ ಇನ್ನೊಂದು ಪದ ಬೇಟೆಯದಿದೆ, ಅದರ ಮನೆತನವೇ ಬೇರೆ, ಅದರ ತಂಟೆ ನಮಗೆ ಬೇಡ ಎಂದು ಮೊದಲೇ ಅದನ್ನು ಪಕ್ಕಕ್ಕೆ ಸರಿಸಿ, ನಮ್ಮ ಪದದ ವಂಶ ಹೇಳತೊಡಗಿದರು. ಮೊದಲು ಅದು ಜಾಗದ ಹೆಸರು, ಬಹಳ ಕಾಲದ ಮೇಲೆ ಅದೇ ಕೆಲಸದ ಹೆಸರೂ ಆಯಿತು. ಇಂಗ್ಲಿಷಿಗೆ ಬಂದದ್ದು ಫ್ರೆಂಚರಿಂದ, ಅವರಿಗೆ ಲ್ಯಾಟಿನ್ನಿನಿಂದ.

"ಲ್ಯಾಟಿನ್ನಿನಾಗ ಅದರ ಅರ್ಥ ಏನು ಗೊತ್ತದೇನ್ರಿ?" ಎಂದು ಮಾಸ್ತರು ನಿಘಂಟಿನಿಂದ ತಲೆಯೆತ್ತಿದರು. "ಕಲ್ಲು ಚೌಕ ಮಾಡೋ ಜಾಗ. ಅಗಿಯೋದಲ್ಲ, ಕಡಿಯೋದಲ್ಲ, ಚೌಕ ಮಾಡೋದು. ನಾಕು ಅನ್ನೋ ಮಾತಿನಿಂದ ಹುಟ್ಟ್ಯಾದ. ಅವರ ನಾಕು, ನಮ್ಮ ಸಂಸ್ಕೃತದ ಚತುರ್, ಎರಡೂ ಒಂದೇ ಬೇರಿನವು. ಆ ಚತುರ್‌ನಿಂದನೇ ನಮ್ಮ ಚೌಕ ಬಂದದ. ಮಲ್ಲಪ್ಪ, ನೀ ದಿನಾ ಚೌಕ ತೆಗೀಲಿಕ್ಕ ಹೋಗ್ತೀನಿ ಅಂತಿ. ಸಾವಿರ ವರ್ಷದ ಹಿಂದ, ಸಮುದ್ರದ ಆಚಿ ಮಂದಿ ಅದನ್ನೇ ಅಂದಾರೋ."

ನಾನು ಇದನ್ನೆಲ್ಲ ಅಪ್ಪನ ಮುಖಕ್ಕೆ ಮುಖವಿಟ್ಟು ಮತ್ತೆ ಹೇಳಿದೆ. ಯಾವ ಊರೋ, ಯಾವ ಕಲ್ಲೋ, ಎಂದೂ ನೋಡದ ಜನ. ಅವರೂ ನೆಲದ ಅಂಚಿನಲ್ಲಿ ನಿಂತು, ಕೆಳಗಿನ ಕಲ್ಲನ್ನು ನೋಡಿ, ಎಲ್ಲಕ್ಕಿಂತ ಮೊದಲು ಅದರ ನಾಲ್ಕು ಮೂಲೆಯನ್ನು ಕಂಡಿದ್ದರು. ಅಕ್ಷರ ಬಾರದ ಅಪ್ಪನ ಬಾಯಲ್ಲಿ ಆ ಪದದ ಅರ್ಥ ಮೊದಲಿನಿಂದಲೂ ಇತ್ತು. ಮೊನ್ನೆ ಮೊಮ್ಮಗಳಿಗೆ ನಾನು ಕೊನೆಗೆ ಬರೆಸಿದ್ದೂ ಅದೇ, ಚೌಕ ತೆಗೆ ಎಂದು. ಒಂದೇ ಪದ ಎಂದರೆ ಎರಡು ಬರೆಸಿದೆ ಎಂದು ಅವಳು ಮುಖ ಉಬ್ಬಿಸಿದಳು.

ಅಪ್ಪನಿಗೆ ಮಾತ್ರ ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಕಾಣಲಿಲ್ಲ. "ಅವ್ರೂ ಕಲ್ಲಿನ ಮಂದೀನೇ ಇರಬೇಕು. ಮತ್ತೇನನ್ನಬೇಕ್ರಿ ಅದಕ್ಕ?" ಎಂದು ಹೇಳಿ, ಮೆಲ್ಲಗೆ ಎದ್ದು, "ಒಂದು ಹಸೀ ಅರಿವಿ ಕೊಡ್ರಿ," ಅಂದ.

ಮಾಸ್ತರು ಬಟ್ಟೆ ಅದ್ದಿ ಕೊಟ್ಟರು. ಅಪ್ಪ ಲ್ಯಾಟಿನ್ನು, ಫ್ರೆಂಚು, ಇಂಗ್ಲಿಷು ಎಲ್ಲವನ್ನೂ ಒಂದೇ ಸಲ ಒರೆಸಿಹಾಕಿ, ಕಲ್ಲನ್ನು ಮೂಲೆಯಿಂದ ಮೂಲೆಗೆ ಒದ್ದೆ ಮಾಡಿ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಕಾಕಾ ಮೊದಲು ಎದ್ದು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕೇಳಿದ. ಆಮೇಲೆ ಅವನೂ ಬಂದು ಅಪ್ಪನ ಪಕ್ಕದಲ್ಲಿ ಕೂತ. ಕಿವಿಯ ಮನುಷ್ಯ ಕಣ್ಣು ಬಿಟ್ಟುಕೊಂಡು ನೀರು ಒಣಗುವುದನ್ನು ನೋಡತೊಡಗಿದ್ದ.

ನಾನು ಕಂಬ ಹಿಡಿದು ನಿಂತಿದ್ದೆ. ಮೇಲಿನ ಆ ಗೆರೆಯ ಜಾಗವನ್ನು ಬಿಟ್ಟು ಬೇರೆಲ್ಲೂ ನೋಡಲು ನನ್ನಿಂದಾಗಲಿಲ್ಲ. ಅಂಚು ಒಣಗಿತು. ಬೆಳಗಿನ ಬಿಸಿಲು ತಾಗುತ್ತಿದ್ದ ಕೆಳಗಿನ ಅರ್ಧ ಒಣಗಿತು. ಒದ್ದೆ ಸಣ್ಣದಾಗುತ್ತ ಆಗುತ್ತ ಗೆರೆಯ ಹತ್ತಿರ ಬಂತು. ಅಲ್ಲಿ ಒಂದು ಗಳಿಗೆ ನಿಂತಂತೆ ಕಂಡಿತು. "ಅಪ್ಪ, ನಾ ಸುಳ್ಳು ಹೇಳೀನಿ," ಅಂದೆ. ಅವನು ಕಲ್ಲಿನ ಕಡೆ ನೋಡುತ್ತಿದ್ದ, ನನ್ನ ತುಟಿಯ ಕಡೆ ಅಲ್ಲ. ಒದ್ದೆ ಗೆರೆಯನ್ನು ದಾಟಿ ಮೇಲೆ ಹೋಯಿತು. ಗೆರೆಯಲ್ಲಿ ಒಂದು ಹನಿ ತೇವವೂ ಉಳಿಯಲಿಲ್ಲ.

ನಾನು ಅಂದದ್ದು ಮಾಸ್ತರರಿಗೆ ಕೇಳಿಸಿತ್ತು. ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿ ಅವರು ಕೈ ಕೈ ಹಿಸುಕಿಕೊಂಡರು. "ಅದು ನಾ ಮೊಳಿಲಿಂದ ಎಳದ ಗೆರಿ ಅದವ್ವ. ಮಳಿಗಾಲದಾಗ ಕತ್ತಲಾಗಿ ನನ್ನ ಸಾಲು ಸೊಟ್ಟ ಹೋಗ್ಲಿಕತ್ತಿದ್ವು. ಕೇಳಿ ಎಳೀಬೇಕಿತ್ತು, ತಪ್ಪಾತು."

ಮೂರು ತಿಂಗಳಿನ ಭಾರ ಒಮ್ಮೆಲೇ ಇಳಿದು ನಾನು ಅಳಲಿಕ್ಕೆ ಶುರು ಮಾಡಿದೆ. ಯಾಕೆಂದು ಅಪ್ಪನಿಗೆ ತಿಳಿಯಲಿಲ್ಲ, ಆದರೂ ಪಕ್ಕಕ್ಕೆ ಎಳೆದು ಕೂಡಿಸಿಕೊಂಡ. ಹುಸೇನಪ್ಪ ಕಾಕಾ ಚೀಲದೊಳಗೆ ಕೈ ಹಾಕಿದ. ಅರಿವೆಯಲ್ಲಿ ಸುತ್ತಿದ ಒಂದು ಉಳಿ ತೆಗೆದ. ಹೊಸದಲ್ಲ, ತಲೆ ಬಡಿಸಿಕೊಂಡು ಚಪ್ಪಟೆಯಾದ, ಅವನದೇ ಉಳಿ. ಅದನ್ನು ಅಪ್ಪನ ಮುಂದೆ ನೆಲದ ಮೇಲಿಟ್ಟ.

ಅಪ್ಪ ಕೂಡಲೇ ಅದನ್ನು ಮುಟ್ಟಲಿಲ್ಲ. ಕಲ್ಲಿನ ಮೇಲ್ಮೂಲೆಯಲ್ಲಿ ಇನ್ನೂ ಅಂಗೈಯಗಲ ಒದ್ದೆ ಉಳಿದಿತ್ತು, ಅದೂ ಹೋಗುವತನಕ ಕಾದ. ಆಮೇಲೆ ಉಳಿಯನ್ನು ಎತ್ತಿ, ಹಣೆಗೆ ಮುಟ್ಟಿಸಿ, ಮಡಿಲಲ್ಲಿಟ್ಟುಕೊಂಡು, ಬೋರ್ಡಿನ ಕಡೆ ಕೈ ತೋರಿಸಿ ಇಡೀ ಮಠಕ್ಕೆ ಕೇಳಿಸುವ ದನಿಯಲ್ಲಿ ಹೇಳಿದ.

"ಎಲ್ಲಾ ಒಂದೇ ಬಣ್ಣ ಆತ್ರಿ ಮಾಸ್ತರ. ಈಗ ಏನು ಬೇಕಾದ್ರೂ ಬರೀರಿ."